ಸೂತ್ರ ತಿಳಿದರೆ ಸಾಲದು



ಉತ್ತರಪತ್ರಿಕೆಯಲ್ಲಿ ಸೂತ್ರವನ್ನು ಸರಿಯಾಗಿ ಬರೆದ ವಿದ್ಯಾರ್ಥಿಗೆ ಒಂದು ಅಂಕ ಕೊಡುವ ಪದ್ಧತಿ ನಮ್ಮಲ್ಲಿದೆ. ಮುಂದಿನ ಲೆಕ್ಕವನ್ನು ಅವನು ಮಾಡದಿದ್ದರೂ ಆ ಒಂದು ಅಂಕ ಅವನದೇ. ಈ ಪದ್ಧತಿಯನ್ನು ನಾನು ವಿರೋಧಿಸಿದವನಲ್ಲ. ದಡದಲ್ಲಿ ನಿಂತ ಎಷ್ಟೋ ಹುಡುಗರನ್ನು ಅದೇ ಒಂದು ಅಂಕ ಪಾರುಮಾಡಿದೆ. ಆದರೆ ಅದರಿಂದ ನಮ್ಮ ಜನರ ಮನಸ್ಸಿನಲ್ಲಿ ಒಂದು ಭಾವನೆ ಬೇರುಬಿಟ್ಟಿದೆ. ಸೂತ್ರ ಕಂಡುಹಿಡಿಯುವುದು ಮೇಧಾವಿಗಳ ಕೆಲಸ, ಲೆಕ್ಕ ಮಾಡುವುದು ಗುಮಾಸ್ತರ ಕೆಲಸ ಎಂಬ ಭಾವನೆ ಅದು. ಐನ್‌ಸ್ಟೈನ್‌ರ ಹೆಸರು ಎಲ್ಲರಿಗೂ ಗೊತ್ತು. ಸಮೀಕರಣವನ್ನು ಹಿಡಿದು 30 ವರ್ಷ ಗುದ್ದಾಡಿ ಅದರಿಂದ ಒಂದು ಸಂಖ್ಯೆಯನ್ನು ಹೊರತೆಗೆದವರ ಹೆಸರು ಯಾರಿಗೂ ಗೊತ್ತಿಲ್ಲ. ಈ ತಾರತಮ್ಯ ಸರಿಯಲ್ಲ ಎಂಬುದು ನನ್ನ ಅಭಿಮತ. ಅದನ್ನು ಸಮರ್ಥಿಸಲು ಭೌತವಿಜ್ಞಾನದ ಒಂದು ಶಾಖೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದರ ಹೆಸರು ಲ್ಯಾಟಿಸ್ ಕ್ವಾಂಟಮ್ ಕ್ರೋಮೋಡೈನಾಮಿಕ್ಸ್. ಹೆಸರಿಗೆ ಹೆದರಬೇಡಿ. ಕನ್ನಡದಲ್ಲಿ ಹೇಳುವುದಾದರೆ, ಪರಮಾಣುವಿನ ಬೀಜದೊಳಗಿನ ಬಲವನ್ನು ಚುಕ್ಕಿಗಳ ಜಾಲದ ಮೇಲೆ ಲೆಕ್ಕಹಾಕುವ ವಿದ್ಯೆ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಬೆಂಗಳೂರಿನಲ್ಲಿ ಗಣಕ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದರು: "ಸಾರ್, ಪ್ರೋಟಾನಿನ ದ್ರವ್ಯರಾಶಿಯನ್ನು ಪ್ರಯೋಗಗಳಲ್ಲಿ ಎಷ್ಟೋ ದಶಮಾಂಶ ಸ್ಥಾನಗಳವರೆಗೆ ಅಳೆದಾಗಿದೆ. ಅದೇ ಸಂಖ್ಯೆಯನ್ನು ಸೂಪರ್ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಲೆಕ್ಕಹಾಕಿ ಅದಕ್ಕಿಂತ ಒರಟಾದ ಉತ್ತರ ಪಡೆಯುವುದು ಸಾರ್ವಜನಿಕ ಹಣದ ಅಪವ್ಯಯವಲ್ಲವೇ?" ಪ್ರಶ್ನೆ ನ್ಯಾಯವಾದುದು. ಯಂತ್ರಕ್ಕೆ ಹಣ ಬೇಕು, ವಿದ್ಯುತ್ತು ಬೇಕು, ಅದರ ಮುಂದೆ ಕೂರುವ ತರುಣರ ಆಯುಷ್ಯದ ಒಳ್ಳೆಯ ವರ್ಷಗಳು ಬೇಕು. ಹಗುರವಾಗಿ ಉತ್ತರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಮೊದಲು ವಿಷಯದ ತಿರುಳನ್ನು ನೋಡೋಣ. ಪ್ರೋಟಾನು ಕ್ವಾರ್ಕುಗಳಿಂದಾದುದು ಎಂಬ ಕಲ್ಪನೆಯನ್ನು 1964ರಲ್ಲಿ ಮರ್ರೇ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಪ್ರತ್ಯೇಕವಾಗಿ ಮುಂದಿಟ್ಟರು. ಆ ಕ್ವಾರ್ಕುಗಳನ್ನು ಬಂಧಿಸುವ ಬಲದ ಗುಟ್ಟನ್ನು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ಬಿಡಿಸಿದರು. ಕ್ವಾರ್ಕುಗಳು ಹತ್ತಿರವಿದ್ದಾಗ ಸೆಳೆತ ದುರ್ಬಲ. ದೂರ ಸರಿದಂತೆ ಅದು ಪ್ರಬಲವಾಗುತ್ತದೆ. ಈ ಶೋಧಕ್ಕೆ 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ಸಿದ್ಧಾಂತದ ಮೂಲ ಸಮೀಕರಣವನ್ನು ಅಂಗೈ ಅಗಲದ ಕಾಗದದ ಮೇಲೆ ಬರೆಯಬಹುದು. ಅಂದರೆ ಸೂತ್ರ 1973ರಲ್ಲೇ ಸಿದ್ಧವಾಗಿತ್ತು. ನಮ್ಮ ಮೌಲ್ಯಮಾಪನದ ಭಾಷೆಯಲ್ಲಿ ಆ ಒಂದು ಅಂಕ ದೊರೆತಾಗಿತ್ತು.

ಆದರೆ ಪ್ರೋಟಾನಿನ ತೂಕವೆಷ್ಟು ಎಂದು ಅದೇ ಸೂತ್ರವನ್ನು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಭೌತವಿಜ್ಞಾನಿಗಳಿಗೆ ರೂಢಿಯಾಗಿದ್ದ ವಿಧಾನವೆಂದರೆ ಮೊದಲು ದೊಡ್ಡ ಪದವನ್ನು ಲೆಕ್ಕಹಾಕಿ, ಬಳಿಕ ಸಣ್ಣಸಣ್ಣ ತಿದ್ದುಪಡಿಗಳನ್ನು ಕೂಡಿಸುತ್ತ ಹೋಗುವುದು. ಪ್ರೋಟಾನಿನ ಗಾತ್ರದಷ್ಟು ದೂರದಲ್ಲಿ ಬಲವು ಪ್ರಬಲವಾಗಿರುವುದರಿಂದ ಇಲ್ಲಿ ತಿದ್ದುಪಡಿಗಳು ಸಣ್ಣವಾಗುವುದೇ ಇಲ್ಲ. ರೂಢಿಯ ದಾರಿ ಅಲ್ಲಿಗೆ ಮುಗಿಯಿತು.

ಹೊಸ ದಾರಿ ತೋರಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಕೆನೆತ್ ವಿಲ್ಸನ್. 1974ರ ತಮ್ಮ ಪ್ರಬಂಧದಲ್ಲಿ ಅವರು ಅಖಂಡವಾದ ದೇಶ-ಕಾಲವನ್ನು ಚುಕ್ಕಿಗಳ ಜಾಲವನ್ನಾಗಿ ಮಾಡಿಕೊಂಡರು. ನಮ್ಮ ಹೆಂಗಳೆಯರು ಅಂಗಳದಲ್ಲಿ ಇಡುವ ಚುಕ್ಕಿ ರಂಗವಲ್ಲಿಯನ್ನು ನೆನೆದುಕೊಳ್ಳಿ. ಮೊದಲು ಸಮಾನ ಅಂತರದಲ್ಲಿ ಚುಕ್ಕಿಗಳು, ಬಳಿಕ ಚುಕ್ಕಿಯಿಂದ ಚುಕ್ಕಿಗೆ ಎಳೆಗಳು. ವಿಲ್ಸನ್‌ರ ರಂಗವಲ್ಲಿಯಲ್ಲಿ ಕ್ವಾರ್ಕುಗಳಿಗೆ ಚುಕ್ಕಿಗಳ ಮೇಲೆ ಸ್ಥಾನ. ಅವುಗಳನ್ನು ಬೆಸೆಯುವ ಗ್ಲೂಆನ್ ಕ್ಷೇತ್ರಕ್ಕೆ ಎಳೆಗಳ ಮೇಲೆ ಸ್ಥಾನ. ವ್ಯತ್ಯಾಸವೆಂದರೆ ಈ ರಂಗವಲ್ಲಿಗೆ ಆಯಾಮಗಳು ನಾಲ್ಕು: ದೇಶದ ಮೂರು, ಕಾಲದ ಒಂದು. ಚುಕ್ಕಿಗಳ ನಡುವಿನ ಅಂತರ ಪ್ರೋಟಾನಿನ ತ್ರಿಜ್ಯದ ಸುಮಾರು ಹತ್ತನೆಯ ಒಂದು ಪಾಲು.

ಗಾತ್ರದ ಅಂದಾಜು ಸಿಗಲೆಂದು ಒಂದು ಲೆಕ್ಕ ಮಾಡೋಣ. ದೇಶದ ಪ್ರತಿ ದಿಕ್ಕಿಗೆ 64 ಚುಕ್ಕಿ, ಕಾಲದ ದಿಕ್ಕಿಗೆ 128 ಚುಕ್ಕಿ ಇಟ್ಟರೆ ಒಟ್ಟು ಚುಕ್ಕಿಗಳು 3,35,54,432. ಪ್ರತಿ ಚುಕ್ಕಿಗೆ ನಾಲ್ಕು ಎಳೆಯಂತೆ 13,42,17,728 ಎಳೆಗಳು. ಪ್ರತಿ ಎಳೆಯ ಮೇಲೆ 3 ಸಾಲು 3 ಕಂಬದ ಒಂದು ಮಾತೃಕೆ. ಅದರೊಳಗಿನ 9 ಸಂಖ್ಯೆಗಳೂ ಸಂಕೀರ್ಣ ಸಂಖ್ಯೆಗಳಾದ್ದರಿಂದ ಬರೆದಿಡಬೇಕಾದ ಸಂಖ್ಯೆಗಳು 18. ಎಲ್ಲ ಸೇರಿ 241 ಕೋಟಿಗೂ ಹೆಚ್ಚು ಸಂಖ್ಯೆಗಳು. ಇದು ಗ್ಲೂಆನ್ ಕ್ಷೇತ್ರದ ಒಂದೇ ಒಂದು ಚಿತ್ರ! ಕ್ವಾಂಟಮ್ ನಿಯಮವಾದರೋ ಸಂಭವನೀಯವಾದ ಎಲ್ಲ ಚಿತ್ರಗಳ ಸರಾಸರಿಯನ್ನು ಕೇಳುತ್ತದೆ.

ಎಲ್ಲ ಚಿತ್ರಗಳನ್ನೂ ಬಿಡಿಸುವುದು ಯಾವ ಕಾಲಕ್ಕೂ ಆಗದ ಮಾತು. ಆದ್ದರಿಂದ ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿ ನೋಡುವ ನಮ್ಮ ಅಡುಗೆಮನೆಯ ಉಪಾಯವನ್ನೇ ಇಲ್ಲಿಯೂ ಬಳಸುತ್ತಾರೆ. ಹೆಚ್ಚು ತೂಕವುಳ್ಳ ಚಿತ್ರಗಳು ಹೆಚ್ಚು ಸಲ ಬರುವಂತೆ ಮಾದರಿಗಳನ್ನು ಆರಿಸುವ ಈ ವಿಧಾನಕ್ಕೆ ಮಾಂಟೆ ಕಾರ್ಲೋ ಎಂದು ಹೆಸರು. ಅದರ ಪ್ರಸಿದ್ಧ ರೂಪವನ್ನು ನಿಕೊಲಸ್ ಮೆಟ್ರೊಪೊಲಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ್ದರು. ಬ್ರೂಕ್‌ಹೇವನ್ ಪ್ರಯೋಗಾಲಯದ ಮೈಕೆಲ್ ಕ್ರೂಟ್ಜ್ 1979-80ರ ಸುಮಾರಿಗೆ ಅದನ್ನು ವಿಲ್ಸನ್‌ರ ಜಾಲಕ್ಕೆ ಅನ್ವಯಿಸಿ, ಕ್ವಾರ್ಕುಗಳ ಬಂಧನದ ಕುರುಹುಗಳನ್ನು ಗಣಕದಲ್ಲಿ ಕಂಡರು. ಆದರೆ ಅಗುಳಿನ ಪರೀಕ್ಷೆಗೆ ಒಂದು ಷರತ್ತಿದೆ. ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು. ಒಂದೇ ಮೂಲೆಯಿಂದ ನೂರು ಅಗುಳು ತೆಗೆದರೆ ಪ್ರಯೋಜನವಿಲ್ಲ. ಇಲ್ಲಿಯೂ ಹಾಗೆಯೇ. ಒಂದು ಚಿತ್ರದಿಂದ ಹುಟ್ಟಿದ ಮುಂದಿನ ಚಿತ್ರ ಹಿಂದಿನದರ ತದ್ರೂಪಿನಂತಿರುತ್ತದೆ. ನಿಜಕ್ಕೂ ಬೇರೆಯಾದ ಮಾದರಿ ಸಿಗಲು ಬಹಳ ಕಾಯಬೇಕು. ಸ್ವತಂತ್ರ ಮಾದರಿಗಳು ಸಿಕ್ಕರೂ, ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಗಳನ್ನು ನಾಲ್ಕು ಪಟ್ಟು ಮಾಡಬೇಕು. ಸಂಖ್ಯಾಶಾಸ್ತ್ರದ ಈ ಕಟ್ಟಳೆಗೆ ರಿಯಾಯಿತಿ ಎಂಬುದಿಲ್ಲ.

ಇಷ್ಟು ದೊಡ್ಡ ಲೆಕ್ಕವನ್ನು ಒಂದು ಗಣಕ ಮಾಡಲಾರದು. ಸಾವಿರಾರು ಗಣಕಗಳು ಕೂಡಿ ಮಾಡಬೇಕು. ಇದಕ್ಕೆ ಸಮಾಂತರ ಗಣನೆ ಎಂದು ಹೆಸರು. ಈ ಕಲ್ಪನೆ ವಿದ್ಯುನ್ಮಾನ ಗಣಕಗಳಿಗಿಂತ ಹಳೆಯದು. ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್ 1922ರ ತಮ್ಮ ಹವಾಮಾನ ಗ್ರಂಥದಲ್ಲಿ ಒಂದು ವಿಶಾಲವಾದ ಸಭಾಂಗಣವನ್ನು ಕಲ್ಪಿಸಿಕೊಂಡರು. ಅದರಲ್ಲಿ 64,000 ಮಂದಿ ಲೆಕ್ಕಿಗರು ಕುಳಿತಿರುತ್ತಾರೆ. ಒಬ್ಬೊಬ್ಬರಿಗೂ ಭೂಮಿಯ ಒಂದೊಂದು ತುಂಡಿನ ಹವೆಯ ಲೆಕ್ಕ. ಪಕ್ಕದವರ ಸಂಖ್ಯೆ ನೋಡಿಕೊಂಡೇ ತಮ್ಮದನ್ನು ಮುಂದುವರಿಸಬೇಕು. ನಡುವೆ ಎತ್ತರದ ಪೀಠದಲ್ಲಿ ಒಬ್ಬ ಮುಖ್ಯಸ್ಥ. ಮುಂದೆ ಓಡುತ್ತಿರುವವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಚೆಲ್ಲಿ ಎಲ್ಲರನ್ನೂ ಒಂದೇ ಲಯದಲ್ಲಿ ನಡೆಸುವವನು. ಇಂದಿನ ಸಮಾಂತರ ಗಣಕದ ಮರ್ಮವೆಲ್ಲ ಆ ಚಿತ್ರದಲ್ಲಿದೆ.

ಹಂಚಿಕೊಂಡು ಮಾಡುವ ಕೆಲಸದಲ್ಲಿ ಎರಡು ಬಗೆಯುಂಟು ಎಂಬುದನ್ನು ನಮ್ಮ ಅನುಭವದಿಂದಲೇ ತಿಳಿಯಬಹುದು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಶಿಬಿರದಲ್ಲಿ ನೂರಾರು ಉಪಾಧ್ಯಾಯರು ಕುಳಿತು ಉತ್ತರಪತ್ರಿಕೆ ತಿದ್ದುತ್ತೇವೆ. ನನ್ನ ಕಟ್ಟಿಗೂ ಪಕ್ಕದವರ ಕಟ್ಟಿಗೂ ಸಂಬಂಧವಿಲ್ಲ. ಜನ ಎರಡರಷ್ಟಾದರೆ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಇನ್ನೊಂದು ಬಗೆ ಹಗ್ಗ ಹಿಡಿದು ಸಾಲು ನಾಟಿ ಮಾಡುವುದು. ಗದ್ದೆಯ ಎರಡೂ ಬದುವಿನ ಮೇಲೆ ನಿಂತವರು ಹಗ್ಗ ಬಿಗಿದರೆ, ಸಾಲಾಗಿ ನಿಂತವರು ತಮ್ಮ ಮುಂದಿನ ಗುರುತಿನಲ್ಲಿ ಸಸಿ ಊರುತ್ತಾರೆ. ಎಲ್ಲರದೂ ಮುಗಿಯುವವರೆಗೆ ಹಗ್ಗ ಹಿಂದಕ್ಕೆ ಸರಿಯುವಂತಿಲ್ಲ. ಅಲ್ಲಿ ಎಲ್ಲರಿಗಿಂತ ನಿಧಾನಿಯಾದವಳೇ ಇಡೀ ಸಾಲಿನ ವೇಗವನ್ನು ನಿರ್ಧರಿಸುತ್ತಾಳೆ. ಜಾಲಕದ ಲೆಕ್ಕ ಈ ಎರಡನೆಯ ಬಗೆಯದು.

ಮೇಲಿನ ಜಾಲವನ್ನೇ ತೆಗೆದುಕೊಳ್ಳಿ. ಪ್ರತಿ ದಿಕ್ಕಿಗೆ 16 ಚುಕ್ಕಿಯಂತೆ ತುಂಡರಿಸಿದರೆ 512 ಗಣಕಗಳಿಗೆ ಹಂಚಬಹುದು. ಒಂದೊಂದರ ಪಾಲಿಗೆ 65,536 ಚುಕ್ಕಿ. ಅದರ ಎಂಟು ಮುಖಗಳಾಚೆ ನೆರೆಯವರಿಂದ ಕೇಳಿ ಪಡೆಯಬೇಕಾದುದು 32,768 ಚುಕ್ಕಿಗಳ ಮಾಹಿತಿ. ಇನ್ನೂ ಬೇಗ ಮುಗಿಸೋಣವೆಂದು 8 ಚುಕ್ಕಿಯ ತುಂಡುಗಳನ್ನು ಮಾಡಿದರೆ ಗಣಕಗಳು 8,192 ಆಗುತ್ತವೆ. ಒಂದೊಂದರ ಪಾಲು 4,096 ಚುಕ್ಕಿಗೆ ಇಳಿಯುತ್ತದೆ. ನೆರೆಯಿಂದ ಪಡೆಯಬೇಕಾದುದೂ 4,096! ತನ್ನ ಗದ್ದೆ ಎಷ್ಟೋ ಅಷ್ಟೇ ಬೇಲಿ. ಕೈಗಳು ಹೆಚ್ಚಿದಂತೆ ಕೆಲಸಕ್ಕಿಂತ ಮಾತುಕತೆಯೇ ಹೆಚ್ಚಾಗುತ್ತದೆ. ಇದರ ಜೊತೆಗೆ 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದವೂ ಇದೆ. ಕೆಲಸದ ಶೇಕಡಾ 5 ಭಾಗವನ್ನು ಹಂಚಲು ಬಾರದಿದ್ದರೆ, ಲಕ್ಷ ಗಣಕಗಳನ್ನು ಸೇರಿಸಿದರೂ ವೇಗ 20 ಪಟ್ಟು ಮೀರದು. ಗಣಕ ವೃತ್ತಿಯಲ್ಲಿರುವ ನಿಮ್ಮಲ್ಲಿ ಹಲವರಿಗೆ ಇದು ದಿನನಿತ್ಯದ ಅನುಭವ. ಈ ತೊಡಕನ್ನು ಮೊದಮೊದಲು ಎದುರಿಸಿದವರಲ್ಲಿ ಪ್ರೋಟಾನಿನ ತೂಕ ಹುಡುಕುತ್ತಿದ್ದ ಭೌತವಿಜ್ಞಾನಿಗಳಿದ್ದರು ಎಂಬುದು ಮಾತ್ರ ನಿಮ್ಮಲ್ಲಿ ಕೆಲವರಿಗೆ ಹೊಸ ವಿಷಯವಾಗಿರಬಹುದು.

ತಮಗೆ ಬೇಕಾದ ಯಂತ್ರ ಮಾರುಕಟ್ಟೆಯಲ್ಲಿ ಸಿಗದಿದ್ದಾಗ ಅವರು ಕೈಕಟ್ಟಿ ಕೂರಲಿಲ್ಲ. ಕ್ಯಾಲ್‌ಟೆಕ್‌ನಲ್ಲಿ ಚಾರ್ಲ್ಸ್ ಸೀಟ್ಜ್ ಮತ್ತು ಜೆಫ್ರಿ ಫಾಕ್ಸ್ ಅವರ ತಂಡ 1980ರ ದಶಕದ ಮೊದಲಲ್ಲಿ 64 ಸಾಮಾನ್ಯ ಸಂಸ್ಕಾರಕಗಳನ್ನು ಜೋಡಿಸಿ ಕಾಸ್ಮಿಕ್ ಕ್ಯೂಬ್ ಕಟ್ಟಿತು. 1983ರ ಬೇಸಿಗೆಯಲ್ಲಿ ರಿಚರ್ಡ್ ಫೈನ್‌ಮನ್ ತಮ್ಮ ನೊಬೆಲ್ ಕೀರ್ತಿಯನ್ನು ಬದಿಗಿಟ್ಟು, ಕನೆಕ್ಷನ್ ಮೆಷಿನ್ ಎಂಬ 65,536 ಸಂಸ್ಕಾರಕಗಳ ಯಂತ್ರವನ್ನು ರೂಪಿಸುತ್ತಿದ್ದ ತರುಣರ ಕಂಪನಿಯಲ್ಲಿ ಕೆಲಸಕ್ಕೆ ನಿಂತರು. ಅದರ ಮೇಲೆ ಇದೇ ಕ್ವಾರ್ಕುಗಳ ಲೆಕ್ಕ ಹೇಗೆ ಓಡೀತೆಂದು ಬೇಸಿಕ್ ಭಾಷೆಯ ಸಮಾಂತರ ರೂಪವೊಂದರಲ್ಲಿ ಕ್ರಮವಿಧಿ ಬರೆದರು. ಇಟಲಿಯಲ್ಲಿ ನಿಕೋಲಾ ಕಬಿಬ್ಬೊ, ಜಾರ್ಜಿಯೊ ಪರಿಸಿ ಮೊದಲಾದವರು ಏಪ್ ಸರಣಿಯ ಯಂತ್ರಗಳನ್ನು ಕಟ್ಟಿದರು. ಇದೇ ಪರಿಸಿಯವರಿಗೆ 2021ರಲ್ಲಿ ಬೇರೊಂದು ಸಾಧನೆಗಾಗಿ ನೊಬೆಲ್ ಬಂದಿತು. ಜಪಾನಿನ ತ್ಸುಕುಬಾದಲ್ಲಿ ಭೌತವಿಜ್ಞಾನಿಗಳಿಗಾಗಿ ಕಟ್ಟಿದ ಸಿಪಿ-ಪ್ಯಾಕ್ಸ್ ಯಂತ್ರ 1996ರ ನವೆಂಬರಿನಲ್ಲಿ ಜಗತ್ತಿನ ಅತಿವೇಗದ ಗಣಕವೆನಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಜಾಲಕ ಯಂತ್ರಗಳಲ್ಲಿ ಪಳಗಿದ ಅಲನ್ ಗಾರಾ ಮುಂದೆ ಐಬಿಎಂನ ಬ್ಲೂ ಜೀನ್ ಯಂತ್ರಗಳ ಮುಖ್ಯ ಶಿಲ್ಪಿಯಾದರು.

ಇಲ್ಲಿ ಅನೇಕರು ಹೇಳುವ ಸಮರ್ಥನೆ ಹೀಗಿದೆ: ನೋಡಿ, ಪ್ರೋಟಾನಿನ ಲೆಕ್ಕದಿಂದ ಸೂಪರ್ ಕಂಪ್ಯೂಟರುಗಳು ಬೆಳೆದವು, ಅದರಿಂದ ಹವಾಮಾನಕ್ಕೂ ಔಷಧ ಸಂಶೋಧನೆಗೂ ಲಾಭವಾಯಿತು, ಆದ್ದರಿಂದ ಹಣ ಸಾರ್ಥಕ. ಈ ಮಾತು ಸುಳ್ಳಲ್ಲ. ಆದರೂ ನಾನು ಅದರ ಮೇಲೆ ಭಾರ ಹಾಕಲಾರೆ. ಉಪಫಲವೇ ಗುರಿಯಾಗಿದ್ದರೆ ನೇರವಾಗಿ ಆ ಉಪಫಲಕ್ಕೇ ಹಣ ಕೊಡಬಹುದಲ್ಲ ಎಂದು ಯಾರಾದರೂ ಕೇಳಿದರೆ ಉತ್ತರವಿರದು. ಲೆಕ್ಕ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಅದು ನಿಲ್ಲುತ್ತದೆ ಎಂಬುದು ನನ್ನ ವಾದ.

ಹೇಗೆಂದು ನೋಡಿ. ಪ್ರೋಟಾನಿನ ದ್ರವ್ಯರಾಶಿ, ಕಣವಿಜ್ಞಾನದ ಅಳತೆಯಲ್ಲಿ, ಸುಮಾರು 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅದರೊಳಗಿನ ಎರಡು ಅಪ್ ಕ್ವಾರ್ಕು ಮತ್ತು ಒಂದು ಡೌನ್ ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಕೂಡಿದರೆ ಸುಮಾರು 9. ಅಂದರೆ ನೂರರಲ್ಲಿ ಒಂದು ಪಾಲು! 2012ರಲ್ಲಿ ಹಿಗ್ಸ್ ಕಣ ಕಂಡಾಗ ಪತ್ರಿಕೆಗಳು 'ಎಲ್ಲಕ್ಕೂ ತೂಕ ಕೊಡುವ ಕಣ' ಎಂದು ಬರೆದವು. ಕ್ವಾರ್ಕುಗಳಿಗೆ ಹಿಗ್ಸ್ ಕ್ಷೇತ್ರ ಕೊಡುವ ದ್ರವ್ಯರಾಶಿ ಈ ಒಂದು ಪಾಲು ಮಾತ್ರ. ಉಳಿದ ಪಾಲು ಎಲ್ಲಿಂದ? ಕ್ವಾರ್ಕುಗಳ ಚಲನೆ ಮತ್ತು ಗ್ಲೂಆನ್ ಕ್ಷೇತ್ರದ ಶಕ್ತಿಯಿಂದ ಎಂದು ಸಿದ್ಧಾಂತ ಹೇಳುತ್ತಿತ್ತು. ಹೇಳುವುದು ಬೇರೆ, ತೋರಿಸುವುದು ಬೇರೆ. ನಿಮ್ಮ ಮೈಯ ತೂಕವೂ, ಮನೆಯ ಕಲ್ಲುಗಂಬದ ತೂಕವೂ ಬಹುಪಾಲು ಶಕ್ತಿಯ ತೂಕವೆಂಬುದನ್ನು ಸಂಖ್ಯೆಯ ಮೂಲಕ ತೋರಿಸಿಕೊಟ್ಟದ್ದು ಜಾಲಕದ ಲೆಕ್ಕ. ತಕ್ಕಡಿ 'ಎಷ್ಟು' ಎಂದು ಹೇಳಿತು. 'ಏಕೆ' ಎಂದು ಹೇಳಿದ್ದು ಲೆಕ್ಕ. ತೂಗಿ ತಿಳಿದುದನ್ನು ಲೆಕ್ಕಹಾಕುವುದೇಕೆ ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು.

ಆ ದಿನ ಬರಲು ಎಷ್ಟು ಕಾಲ ಹಿಡಿಯಿತು ಗೊತ್ತೇ? 1990ರ ದಶಕದವರೆಗೂ ಲೆಕ್ಕ ಭಾರವೆಂದು, ನಿರ್ವಾತದಲ್ಲಿ ಕ್ವಾರ್ಕು-ಪ್ರತಿಕ್ವಾರ್ಕು ಜೋಡಿಗಳು ಹುಟ್ಟಿ ಅಳಿಯುವುದನ್ನು ಬಹುಪಾಲು ಕೈಬಿಟ್ಟೇ ಲೆಕ್ಕ ಮಾಡುತ್ತಿದ್ದರು. ಆ ಅಡ್ಡದಾರಿ ನಿಜಸಂಖ್ಯೆಗಳಿಂದ ದೂರ ಸರಿಯುತ್ತದೆಂದು ಸಿಪಿ-ಪ್ಯಾಕ್ಸ್ ಯಂತ್ರವೇ ನಿಖರವಾಗಿ ತೋರಿಸಿತು. ಕ್ವಾರ್ಕುಗಳ ನಿಜವಾದ ಹಗುರ ದ್ರವ್ಯರಾಶಿಗೆ ಹತ್ತಿರವಾದಂತೆ ಲೆಕ್ಕದ ವೆಚ್ಚ ಗೋಡೆಯಂತೆ ಎದ್ದು ನಿಲ್ಲುತ್ತಿತ್ತು. 2001ರಲ್ಲಿ ಬರ್ಲಿನ್ನಿನಲ್ಲಿ ನಡೆದ ಸಮ್ಮೇಳನದ ನಂತರ ಅದಕ್ಕೆ 'ಬರ್ಲಿನ್ ಗೋಡೆ' ಎಂದೇ ಹೆಸರಾಯಿತು. ಅದನ್ನು ಕೆಡವಿದ್ದು ವೇಗದ ಯಂತ್ರಗಳಷ್ಟೇ ಅಲ್ಲ, ಲೆಕ್ಕದ ಹೊಸ ಕ್ರಮಗಳೂ ಹೌದು. ಕಾಗದ ಲೇಖನಿ ಹಿಡಿದು ಯೋಚಿಸಿದವರ ಪಾಲು ಅದರಲ್ಲಿ ದೊಡ್ಡದು. ಕೊನೆಗೆ 2008ರಲ್ಲಿ ಬುಡಾಪೆಸ್ಟ್, ಮಾರ್ಸೇಲ್ ಮತ್ತು ವುಪರ್ಟಾಲ್ ನಗರಗಳ ಜಂಟಿ ತಂಡವು ಮೂರು ಕಣಗಳ ದ್ರವ್ಯರಾಶಿಯನ್ನು ಮಾತ್ರ ಪ್ರಯೋಗದಿಂದ ಪಡೆದು, ಉಳಿದ ಹಗುರ ಕಣಗಳದನ್ನು ಲೆಕ್ಕದಿಂದಲೇ ತೆಗೆದು ಪ್ರಕಟಿಸಿತು. ಪ್ರೋಟಾನು-ನ್ಯೂಟ್ರಾನುಗಳಿಗೆ ಬಂದ ಸಂಖ್ಯೆ 936. ಸೂತ್ರ 1973, ಉತ್ತರ 2008. ನಡುವೆ 35 ವರ್ಷ. ಒಬ್ಬ ಉಪಾಧ್ಯಾಯನ ಸೇವಾವಧಿ.

2015ರಲ್ಲಿ ಅವರಲ್ಲಿ ಹಲವರು ಇನ್ನೂ ಸೂಕ್ಷ್ಮವಾದ ಲೆಕ್ಕ ಮಾಡಿದರು. ನ್ಯೂಟ್ರಾನು ಪ್ರೋಟಾನಿಗಿಂತ ಶೇಕಡಾ 0.14ರಷ್ಟು, ಅಂದರೆ 1.29ರಷ್ಟು, ಹೆಚ್ಚು ಭಾರ. ಡೌನ್ ಕ್ವಾರ್ಕಿನ ಹೆಚ್ಚುವರಿ ತೂಕ ನ್ಯೂಟ್ರಾನಿನ ಕಡೆಗೆ ಎಳೆದರೆ, ವಿದ್ಯುದಾವೇಶದ ಶಕ್ತಿ ಪ್ರೋಟಾನಿನ ಕಡೆಗೆ ಎಳೆಯುತ್ತದೆ. ಎರಡರ ಜಗ್ಗಾಟದಲ್ಲಿ ಉಳಿದ ಚೂರು ಇದು. ಈ ಚೂರು ತಿರುಗುಮುರುಗಾಗಿದ್ದರೆ ಜಲಜನಕ ಉಳಿಯುತ್ತಿರಲಿಲ್ಲ; ನೀರೂ ಇಲ್ಲ, ನಾವೂ ಇಲ್ಲ. ಲೆಕ್ಕದಿಂದ ಬಂದ ಉತ್ತರ 1.51, ಅದರ ಪಕ್ಕದಲ್ಲಿ ಎರಡು ದೋಷಮಿತಿಗಳು, 0.16 ಮತ್ತು 0.23.

ಆ ಎರಡು ಸಣ್ಣ ಸಂಖ್ಯೆಗಳ ಕಡೆಗೆ ನಿಮ್ಮ ಗಮನ ಸೆಳೆಯಬೇಕಾಗಿದೆ. ನನ್ನ ಎರಡನೆಯ ಉತ್ತರ ಅಲ್ಲಿದೆ. ಮೊದಲನೆಯದು ಮಾದರಿಗಳು ಮಿತವಾಗಿರುವುದರಿಂದ ಬಂದ ದೋಷ. ಎರಡನೆಯದು ವಿಧಾನದ್ದೇ ಆದ ದೋಷ: ಚುಕ್ಕಿಗಳ ನಡುವಿನ ಅಂತರ ಶೂನ್ಯವಲ್ಲ, ಪೆಟ್ಟಿಗೆ ಅನಂತವಲ್ಲ ಎಂಬುದರ ದಂಡ. ಆದ್ದರಿಂದಲೇ ಬೇರೆಬೇರೆ ಅಂತರಗಳಲ್ಲಿ, ಬೇರೆಬೇರೆ ಗಾತ್ರಗಳಲ್ಲಿ ಲೆಕ್ಕ ಮಾಡಿ, ಅಂತರ ಶೂನ್ಯವಾದಾಗ ಉತ್ತರ ಎಲ್ಲಿಗೆ ಹೋಗುತ್ತದೆಂದು ನೋಡುತ್ತಾರೆ. ಅಂತರವನ್ನು ಅರ್ಧಮಾಡಿದರೆ ಚುಕ್ಕಿಗಳೇ 16 ಪಟ್ಟಾಗುತ್ತವೆ. ಅಷ್ಟು ಶ್ರಮಪಟ್ಟು ಗಳಿಸಿದ ಉತ್ತರದ ಪಕ್ಕದಲ್ಲಿ 'ಇಷ್ಟರಮಟ್ಟಿಗೆ ನನ್ನನ್ನು ನಂಬಿ, ಇದಕ್ಕಿಂತ ಹೆಚ್ಚು ನಂಬಬೇಡಿ' ಎಂದು ಬರೆಯುವುದು ಸಣ್ಣ ಸಂಸ್ಕಾರವಲ್ಲ.

ಆ ಸಂಸ್ಕಾರದ ಬೆಲೆ ಇತ್ತೀಚೆಗೆ ಜಗತ್ತಿಗೇ ತಿಳಿಯಿತು. ಎಲೆಕ್ಟ್ರಾನಿನ ಭಾರವಾದ ಸೋದರ ಮ್ಯೂಆನ್. ಅದರ ಕಾಂತಗುಣವನ್ನು ಅಮೆರಿಕದ ಫರ್ಮಿಲ್ಯಾಬ್ ಅಳೆದು 2021ರ ಏಪ್ರಿಲ್ 7ರಂದು ಪ್ರಕಟಿಸಿತು. ಅಂದು ಒಪ್ಪಿತವಾಗಿದ್ದ ಸೈದ್ಧಾಂತಿಕ ಸಂಖ್ಯೆಗೂ ಈ ಅಳತೆಗೂ ಅಂತರವಿತ್ತು. ಅದು ಆಕಸ್ಮಿಕವಾಗಿ ಬರುವ ಸಂಭವ 40,000ದಲ್ಲಿ ಒಂದು ಎಂದರು. ಹೊಸ ಕಣವೋ, ಹೊಸ ಬಲವೋ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಅದೇ ದಿನ ಮೇಲೆ ಹೇಳಿದ ಜಾಲಕ ತಂಡದ ಪ್ರಬಂಧವೂ ಬೆಳಕು ಕಂಡಿತು. ಹಳೆಯ ಸೈದ್ಧಾಂತಿಕ ಸಂಖ್ಯೆಯ ಒಂದು ಮುಖ್ಯ ಭಾಗ ಎಲೆಕ್ಟ್ರಾನ್-ಪಾಸಿಟ್ರಾನ್ ಘರ್ಷಣೆಯ ದತ್ತಾಂಶದಿಂದ ಬಂದದ್ದು. ಇವರು ಆ ಭಾಗವನ್ನು ಮೂಲ ಸೂತ್ರದಿಂದಲೇ ಲೆಕ್ಕಹಾಕಿದ್ದರು. ಅವರ ಸಂಖ್ಯೆಯನ್ನು ಸೇರಿಸಿದರೆ ಅಂತರ ಬಹುಮಟ್ಟಿಗೆ ಕರಗುತ್ತಿತ್ತು.

ಸಂಭ್ರಮದ ಮನೆಯಲ್ಲಿ ಅಪಸ್ವರ ನುಡಿದವರನ್ನು ಕೂಡಲೇ ಯಾರೂ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಒಂದು ತಂಡದ ಲೆಕ್ಕ ಒಂದು ಸಾಕ್ಷಿ ಮಾತ್ರ. ಇತರ ತಂಡಗಳು ಬೇರೆ ಬಗೆಯ ಜಾಲಕಗಳಲ್ಲಿ, ಕೆಲವರು ಉತ್ತರವನ್ನು ತಮಗೂ ಕಾಣದಂತೆ ಮರೆಮಾಡಿಕೊಂಡು, ಅದೇ ಲೆಕ್ಕದ ಭಾಗಗಳನ್ನು ಮತ್ತೆ ಮಾಡಿದರು. ಉತ್ತರಗಳು ಕೂಡಿಬಂದವು. 2023ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನ ಪ್ರಯೋಗವೊಂದು ಹಳೆಯ ಘರ್ಷಣಾ ದತ್ತಾಂಶಕ್ಕೇ ವ್ಯತಿರಿಕ್ತವಾದ ಅಳತೆ ಕೊಟ್ಟಿತು. 2025ರಲ್ಲಿ ಸಿದ್ಧಾಂತಿಗಳ ಅಂತರರಾಷ್ಟ್ರೀಯ ಕೂಟವು ಜಾಲಕದ ಸರಾಸರಿಯನ್ನು ಆಧರಿಸಿ ಹೊಸ ಸಂಖ್ಯೆ ಪ್ರಕಟಿಸಿತು. ಅದೇ ಜೂನಿನಲ್ಲಿ ಫರ್ಮಿಲ್ಯಾಬ್ ನೂರು ಕೋಟಿಯಲ್ಲಿ 127 ಪಾಲಿನ ನಿಖರತೆಯ ಅಂತಿಮ ಅಳತೆ ಕೊಟ್ಟಿತು. ಎರಡಕ್ಕೂ ವಿರೋಧ ಉಳಿದಿಲ್ಲ. ಘರ್ಷಣಾ ದತ್ತಾಂಶಗಳು ಪರಸ್ಪರ ಏಕೆ ಭಿನ್ನವಾದವು ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿಯಬೇಕಾಗಿದೆ.

ಹೊಸ ಕಣ ಸಿಗಲಿಲ್ಲವಲ್ಲ, ಇದೇನು ದೊಡ್ಡ ಸಾಧನೆ ಎಂದು ಕೇಳುವವರಿದ್ದಾರೆ. ನನಗೆ ಹಾಗೆನಿಸದು. ಇಲ್ಲದ ನಿಧಿಯನ್ನು ಹುಡುಕಿ ಒಂದು ತಲೆಮಾರು ಅಗೆಯುವುದನ್ನು ತಪ್ಪಿಸುವುದೂ ಸಾಧನೆಯೇ. ಫರ್ಮಿಲ್ಯಾಬಿನವರ ನಡವಳಿಕೆಯೂ ಸ್ಮರಣೀಯ. ಅವರ ಗಡಿಯಾರದ ನಿಜವಾದ ವೇಗವನ್ನು ತಂಡಕ್ಕೆ ಸೇರದ ಇಬ್ಬರು ಮಾತ್ರ ಬಲ್ಲವರಾಗಿದ್ದು, ಆ ಸಂಖ್ಯೆ ಲಕೋಟೆಯಲ್ಲಿ ಭದ್ರವಾಗಿತ್ತು. ವಿಶ್ಲೇಷಣೆ ಪೂರ್ಣಗೊಂಡ ಬಳಿಕವೇ ಲಕೋಟೆ ತೆರೆದರು. ತಮ್ಮ ಮನಸ್ಸು ತಮಗೆ ಬೇಕಾದ ಉತ್ತರದ ಕಡೆಗೆ ಜಾರದಿರಲೆಂದು ತಮಗೆ ತಾವೇ ಕಟ್ಟಿಕೊಂಡ ಕಟ್ಟು ಅದು.

ನಮ್ಮ ಶಾಲೆಗಳ ಪ್ರಯೋಗದ ದಾಖಲೆ ಪುಸ್ತಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ನಾಡಿನ ಎಲ್ಲ ಮಕ್ಕಳಿಗೂ 9.8 ಎಂದೇ ಬರುತ್ತದೆ. ದಾರ ಉದ್ದವಿರಲಿ ಗಿಡ್ಡವಿರಲಿ, ಗಡಿಯಾರ ಕೆಟ್ಟಿರಲಿ ಒಳ್ಳೆಯದಿರಲಿ, 9.8 ತಪ್ಪುವುದಿಲ್ಲ. ಮಕ್ಕಳು ಉತ್ತರವನ್ನು ಮೊದಲು ಬರೆದು ಅಳತೆಗಳನ್ನು ಅದಕ್ಕೆ ಹೊಂದಿಸುತ್ತಾರೆ. ಪ್ರಾಮಾಣಿಕವಾಗಿ 9.4 ಬರೆದ ಹುಡುಗಿಗೆ ಅಂಕ ಕಡಿತ, 9.8 ಎಂದು ನಕಲು ಮಾಡಿದವನಿಗೆ ಪೂರ್ಣಾಂಕ. '9.4, ಗಡಿಯಾರದಿಂದಾಗಿ ಅತ್ತಿತ್ತ 0.5 ಇರಬಹುದು' ಎಂದು ಬರೆಯುವುದನ್ನು ಕಲಿಸಿದ್ದರೆ ಅವಳ ಉತ್ತರವೇ ಸರಿಯಾದ ಉತ್ತರ. ಈ ಒಂದು ಪಾಠ ಪಠ್ಯಕ್ರಮಕ್ಕೆ ಬರಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಅದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಅಂಕ ಕೊಡುವವರ ಮನಸ್ಸು ಬದಲಾದರೆ ಸಾಕು.

ನಮ್ಮ ದೇಶದ ಪಾಲನ್ನು ಹೇಳದಿದ್ದರೆ ಬರಹ ಅಪೂರ್ಣವಾದೀತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿಯೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಸಿದ್ಧವಾಗಿತ್ತು. ಉನ್ನತ ದರ್ಜೆಯ ಕ್ರೇ ಯಂತ್ರವನ್ನು ಮಾರಲು ಅಮೆರಿಕ ಹಿಂಜರಿದ ಕಾಲದಲ್ಲಿ ಸಿ-ಡ್ಯಾಕ್ ಹುಟ್ಟಿ, ವಿಜಯ್ ಭಾಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಯಂತ್ರವನ್ನು ಕಟ್ಟಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜಾಲಕ ಲೆಕ್ಕಿಗರ ಒಂದು ಪರಂಪರೆಯೇ ಇದೆ. ಅಲ್ಲಿಯ ಸೌರೇಂದು ಗುಪ್ತ, ಅವರೊಡನೆ ಬೆದಂಗದಾಸ್ ಮೊಹಾಂತಿ ಮತ್ತು ವಿದೇಶದ ಸಹೋದ್ಯೋಗಿಗಳು 2011ರಲ್ಲಿ ಜಾಲಕದ ಲೆಕ್ಕವನ್ನು ಬ್ರೂಕ್‌ಹೇವನ್ನಿನ ಪರಮಾಣು ಬೀಜಗಳ ಘರ್ಷಣೆಯ ದತ್ತಾಂಶದೊಡನೆ ಹೋಲಿಸಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರೋಟಾನುಗಳು ಕರಗಿ ಕ್ವಾರ್ಕುಗಳ ಸಾರವಾಗುವ ಉಷ್ಣತೆಯ ಅಳತೆಗೋಲು ಅದರ ವಿಷಯ. ಜಾಲಕದ ಲೆಕ್ಕಗಳ ಪ್ರಕಾರ ಆ ಉಷ್ಣತೆ ಸುಮಾರು 1.8 ಲಕ್ಷ ಕೋಟಿ ಡಿಗ್ರಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಅಭಿಯಾನದಡಿ 2022ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಬಂದಿತು. ಅದೇ ವರ್ಷ ಅಮೆರಿಕದ ಫ್ರಾಂಟಿಯರ್ ಸಾವಿರ ಪೆಟಾಫ್ಲಾಪ್ ದಾಟಿತು ಎಂಬುದನ್ನೂ ಮರೆಯಬಾರದು. ನಾವು ಬಹಳ ಹಿಂದಿದ್ದೇವೆ. ಆದರೆ ಬರ್ಲಿನ್ ಗೋಡೆಯ ಕಥೆ ಹೇಳುವಂತೆ, ಯಂತ್ರದಲ್ಲಿ ಹಿಂದಿರುವವರು ಯೋಚನೆಯಲ್ಲಿ ಮುಂದಿರಬಹುದು. ಇದು ನಮ್ಮ ತರುಣರಿಗೆ ತೆರೆದ ಬಾಗಿಲು.

ಎಲ್ಲವೂ ಮುಗಿದಿದೆ ಎಂದೇನಲ್ಲ. ನ್ಯೂಟ್ರಾನ್ ನಕ್ಷತ್ರದ ಒಡಲಿನಂತಹ ದಟ್ಟ ಸ್ಥಿತಿಯಲ್ಲಿ ಚಿತ್ರಗಳ ತೂಕಗಳು ಧನಸಂಖ್ಯೆಗಳಾಗಿ ಉಳಿಯುವುದಿಲ್ಲ. ಆಗ ಅಗುಳು ಹಿಸುಕುವ ವಿಧಾನವೇ ಕೈಕೊಡುತ್ತದೆ. ಎಷ್ಟು ಲಕ್ಷ ಸಂಸ್ಕಾರಕಗಳನ್ನು ಸೇರಿಸಿದರೂ ಅದು ಬಗೆಹರಿಯದು. ಅಲ್ಲಿ ಬೇಕಾಗಿರುವುದು ಒಂದು ಹೊಸ ಯುಕ್ತಿ.

ಇಂದು ಯಾವ ಪ್ರಶ್ನೆ ಕೇಳಿದರೂ ಕ್ಷಣದಲ್ಲಿ ನಿರರ್ಗಳವಾಗಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ನಿಮ್ಮ ಮಕ್ಕಳ ಕೈಯಲ್ಲಿವೆ. ಅವುಗಳನ್ನು ನಾನು ದೂಷಿಸುವುದಿಲ್ಲ. ನನ್ನ ಮೊಮ್ಮಗಳೂ ಬಳಸುತ್ತಾಳೆ. ಆದರೆ ಆ ಉತ್ತರದ ಪಕ್ಕದಲ್ಲಿ ದೋಷಮಿತಿ ಇರುವುದಿಲ್ಲ. ಎಷ್ಟರಮಟ್ಟಿಗೆ ನಂಬಬೇಕು, ಯಾವ ದಾರಿಯಿಂದ ಬಂದೆ, ಬೇರೊಬ್ಬರು ಬೇರೆ ದಾರಿಯಿಂದ ಬಂದರೆ ಇಲ್ಲಿಗೇ ತಲುಪುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಉಳಿಯಬೇಕು. ಜಾಲಕದ ಲೆಕ್ಕಿಗರು 50 ವರ್ಷಗಳಿಂದ ತಮ್ಮ ಯಂತ್ರಗಳನ್ನು ಈ ಮೂರು ಪ್ರಶ್ನೆ ಕೇಳುತ್ತಲೇ ಬಂದಿದ್ದಾರೆ. ಅವರಿಗೆ ಕೊಟ್ಟ ಹಣ ವ್ಯರ್ಥವಲ್ಲ ಎನ್ನಲು ನನ್ನ ಮೂರನೆಯ ಉತ್ತರ ಇದೇ.

ನಿಮ್ಮ ಮನೆಯಲ್ಲಿ ಲೆಕ್ಕದಲ್ಲಿ ನಿಧಾನಿಯಾದರೂ ಹಿಡಿದ ಲೆಕ್ಕವನ್ನು ಬಿಡದ ಮಗುವಿದ್ದರೆ, ಪಕ್ಕದ ಮನೆಯ ಚುರುಕು ಹುಡುಗನೊಡನೆ ಹೋಲಿಸಿ ಅದನ್ನು ನೋಯಿಸಬೇಡಿ. ಅಂತಹವರಿಗೆ ಭೌತವಿಜ್ಞಾನದಲ್ಲಿ ಕೆಲಸ ಬೇಕಾದಷ್ಟಿದೆ. ಸೂತ್ರಗಳು ಕಡಿಮೆ, ಮಾಡಬೇಕಾದ ಲೆಕ್ಕಗಳು ಬಹಳ.